ಬೇಕುಗಳ ಪಟ್ಟಿಯಲ್ಲಿ ಉಳಿದ ನಾಲ್ಕು ಸಾಲು

ನಮ್ಮದು ಚಳ್ಳಕೆರೆ ಸೀಮೆ. ವರ್ಷದ ಮಳೆ 500 ಮಿಲಿಮೀಟರ್ ಒಳಗೆ. ಐದು ಎಕರೆ ಕೆಂಪು ಮಣ್ಣಿನ ಹೊಲ. ಶೇಂಗಾ, ರಾಗಿ, ಅಕ್ಕಡಿ ಸಾಲಿನಲ್ಲಿ ತೊಗರಿ, ಅವರೆ. ನಾನು ಓದಿದ್ದು ಏಳನೇ ಕ್ಲಾಸು. 'ಜೀವನದಲ್ಲಿ ಗುರಿ ಇರಬೇಕು' ಎಂದು ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದು ನೆನಪಿದೆ. ಗುರಿಯನ್ನು ಎಲ್ಲಿಂದ ತರಬೇಕು ಅಂತ ಅವರು ಹೇಳಲಿಲ್ಲ. ನಾನು ಪಕ್ಕದ ಹೊಲದಿಂದ ತಂದೆ.

2001ರಲ್ಲಿ ಪಕ್ಕದವರ ಕೊಳವೆಬಾವಿಯಲ್ಲಿ ನೀರು ಚಿಮ್ಮಿತು. ನಾನೂ ಕೊರೆಸಿದೆ. 240 ಅಡಿಗೆ ಒಂದೂವರೆ ಇಂಚು ನೀರು. ಈರುಳ್ಳಿ ಇಟ್ಟೆ. ಆಗ ಶುರುವಾದ ಬರ 2003ರ ತನಕ ಬಿಡಲಿಲ್ಲ. ಮೂರನೇ ಬೇಸಿಗೆಗೆ ಬಾವಿ ಬರೀ ಗಾಳಿ ಕಾರಿತು. ಎರಡನೆಯದನ್ನು 420 ಅಡಿ ಇಳಿಸಿದೆ. ಮೇಲೆ ಬಂದದ್ದು ಬಿಳೀ ಧೂಳು. ಎರಡೂ ಸೇರಿ ನಿಂತ ಸಾಲ 70,000 ರೂಪಾಯಿ, ಮೂರು ರೂಪಾಯಿ ಬಡ್ಡಿ. ಅಂದರೆ ತಿಂಗಳಿಗೆ 2,100, ವರ್ಷಕ್ಕೆ 25,200. ಅಸಲು ಹಾಗೇ ಕೂತಿರುತ್ತದೆ. ಹೆಂಡತಿಯ ಕೊರಳಿನ ಸರ ಅಡವಿಗೆ ಹೋಯಿತು, ವಾಪಸ್ ಬರಲಿಲ್ಲ.

2004ರ ಯುಗಾದಿಯ ಮರುದಿನ, ಮಗನ ಹಳೇ ನೋಟ್ ಬುಕ್ಕಿನ ಖಾಲಿ ಹಾಳೆಯಲ್ಲಿ ನಮ್ಮ ಬೇಕುಗಳನ್ನೆಲ್ಲಾ ಬರೆಯಲು ಕೂತೆ. ಹದಿನೇಳಾಯಿತು. ಮೂರನೇ ಬೋರು, ಮೋಟಾರ್ ಸೈಕಲ್ಲು, ತಾರಸಿ ಮನೆ, ಮಗನಿಗೆ ಕಾನ್ವೆಂಟು, ಹೀಗೇ. ಹೆಂಡತಿಗೆ ಓದಿ ಹೇಳಿದೆ. ಅವಳು ರಾಗಿ ಕೇರುತ್ತಾ, 'ಇದ್ರಾಗೆ ಯಾವುದು ಇಲ್ದಿದ್ರೆ ನಾವು ಬದುಕೋಕಾಗಲ್ಲ, ಅದನ್ನ ಹೇಳ್ರೀ' ಅಂದಳು. ಆಮೇಲೆ ಆಯ್ದಕ್ಕಿ ಲಕ್ಕಮ್ಮನ ಕಥೆ ತೆಗೆದಳು. ಗಂಡ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ಆಯ್ದು ತಂದರೆ, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದ ಮಹಾತಾಯಿ. ನನಗೆ ಸಿಟ್ಟು ಬಂತು. ಆದರೂ ಒಂದೊಂದೇ ಗೀಟು ಎಳೆಯುತ್ತಾ ಹೋದೆ.

ಕೊನೆಗೆ ಉಳಿದದ್ದು ಮೂರು. ಮನೆ ಕಣಜದಲ್ಲಿ ನಮ್ಮದೇ ರಾಗಿ ಇರಬೇಕು. ಬಡ್ಡಿ ಸಾಲ ಬೇಡ. ಹೊಲದ ಮಣ್ಣು ಹೊಲದಲ್ಲೇ ನಿಲ್ಲಬೇಕು. ನಾಲ್ಕನೆಯದನ್ನು ಅವಳೇ ಬರೆಸಿದಳು: ರಾತ್ರಿ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರಬೇಕು. ಇದೆಂಥದು, ಇದನ್ನೂ ಬರೀಬೇಕಾ ಎಂದು ನಕ್ಕಿದ್ದೆ. ಸಾಲ ಕೇಳಲು ಬಂದವರ ಕಣ್ಣು ತಪ್ಪಿಸಿ ಆ ಎರಡು ವರ್ಷ ನಾನು ಮನೆ ಸೇರುತ್ತಿದ್ದುದೇ ರಾತ್ರಿ ಹತ್ತರ ಮೇಲೆ.

ಈ ನಾಲ್ಕು ಸಾಲುಗಳು ಗುರಿ ಅಲ್ಲ. ಇದು ನನಗೆ ತಿಳಿಯಲು ಒಂದು ವರ್ಷ ಹಿಡಿಯಿತು. ಗುರಿ ಮುಗಿಯುವಂಥದು, ಇಷ್ಟು, ಇಂಥ ದಿನದೊಳಗೆ ಎಂದು ಹೇಳಲು ಬರಬೇಕು. ಇವು ಮುಗಿಯುವುದಿಲ್ಲ. ಕೂರಿಗೆ ಹೊಡೆಯುವಾಗ ಹೊಲದ ಆಚೆ ಬದುವಿನ ಕಲ್ಲು ಗುರಿ, ನೆಟ್ಟಗೆ ಹೋಗಬೇಕಾದ ಸಾಲು ಬೇರೆಯೇ. ಆದ್ದರಿಂದ ಒಂದೊಂದು ಸಾಲಿನ ಕೆಳಗೂ ಆ ವರ್ಷದ ಗುರಿಯನ್ನು ಅಂಕಿಯಲ್ಲಿ ಬರೆಯತೊಡಗಿದೆ.

ರಾಗಿಯದು ಸುಲಭ. ನಮ್ಮ ಮನೆಯ ಐದು ಜನಕ್ಕೆ ವರ್ಷಕ್ಕೆ ಆರು ಕ್ವಿಂಟಾಲ್ ಬೇಕು. ನಮ್ಮ ಹೊಲದಲ್ಲಿ ಎಕರೆಗೆ ನಾಲ್ಕು ಕ್ವಿಂಟಾಲ್ ಎಂದು ಹಿಡಿದರೆ ಒಂದೂವರೆ ಎಕರೆ. ಶೇಂಗಾಕ್ಕೆ ಎಷ್ಟೇ ರೇಟು ಬರಲಿ, ಆ ಒಂದೂವರೆ ಎಕರೆ ಮುಟ್ಟುವಂತಿಲ್ಲ. ಇನ್ನೊಂದು ಲಾಭವೂ ಇದೆ. ರಾಗಿಗೆ ಎಕರೆಗೆ ನಾಲ್ಕು ಕೆಜಿ ಬೀಜ ಸಾಕು. ಶೇಂಗಾಕ್ಕೆ ನಲವತ್ತು ಕೆಜಿ ಮೇಲೆ ಬೇಕು. ಸಾಲ ಹುಟ್ಟುವುದೇ ಆ ಬೀಜದ ಹೊತ್ತಿನಲ್ಲಿ. ಅದಕ್ಕೆ ಕಿತ್ತ ಶೇಂಗಾದಲ್ಲಿ ಮುಂದಿನ ವರ್ಷದ ಬೀಜದ ಚೀಲಗಳನ್ನು ಮೊದಲು ಎತ್ತಿಟ್ಟು, ಉಳಿದದ್ದನ್ನು ಮಾತ್ರ ಮಂಡಿಗೆ ಒಯ್ಯುವುದು ಎಂದು ಬರೆದೆವು. ಸಾಲಕ್ಕೆ ದೀಪಾವಳಿಯೊಳಗೆ ಇಷ್ಟು ಅಸಲು ಎಂದು ಬರೆದು, ಕುರಿ ಮಾರಿದ ದುಡ್ಡನ್ನು ಬೇರೆ ಯಾವುದಕ್ಕೂ ಮುಟ್ಟಲಿಲ್ಲ. ತೀರಿದ್ದು 2010ರಲ್ಲಿ. ಆರು ವರ್ಷ.

ಮಣ್ಣಿನ ಗುರಿಯೇ ನನಗೆ ದಿನ ಹೇಗೆ ಕಳೆಯಬೇಕು ಎಂದು ಕಲಿಸಿದ್ದು. ಬದು ಹಾಕಬೇಕು ಎಂದು ಹತ್ತು ವರ್ಷ ಅಂದುಕೊಂಡಿದ್ದೆ, ಆಗಿರಲಿಲ್ಲ. 'ಶಿವರಾತ್ರಿಯಿಂದ ರೋಹಿಣಿ ಮಳೆ ತನಕ ದಿನಕ್ಕೆ ಎರಡು ಮಾರು' ಎಂದು ಬರೆದ ಮೇಲೆ ಆಯಿತು. ಬಿಸಿಲೇರುವ ಮೊದಲು ಒಂದು ಗಂಟೆ ಕೆಲಸ. ಹಬ್ಬ, ಮದುವೆ, ಜ್ವರ ಎಲ್ಲಾ ಕಳೆದೂ ಆ ಬೇಸಿಗೆಗೆ 130 ಮಾರು ಮುಗಿಯಿತು. ಆ ಒಂದು ಗಂಟೆ ಎಲ್ಲಿಂದ ಬಂತು ಅಂತೀರಾ? ಹೋಟೆಲ್ ಕಟ್ಟೆಯಿಂದ. ಬೆಳಿಗ್ಗೆ ಟೀ ಕುಡಿಯಲು ಹೋದರೆ ಸರ್ಕಾರ ಬೀಳಿಸಿ, ಎಬ್ಬಿಸಿ ಬರುವಷ್ಟರಲ್ಲಿ ಒಂಬತ್ತು ಗಂಟೆಯಾಗುತ್ತಿತ್ತು.

ಲೆಕ್ಕ ಹಾಕಿ ನೋಡಿ. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ನಾಲ್ಕು ಸಾವಿರ ಲೀಟರ್ ನೀರು. 20 ಮಿಲಿಮೀಟರಿನ ಒಂದು ಹದ ಮಳೆಗೆ ನನ್ನ ಐದು ಎಕರೆ ಮೇಲೆ ಬೀಳುವುದು ನಾಲ್ಕು ಲಕ್ಷ ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರ್ ಎಂಬತ್ತು. ಅಷ್ಟೂ ಇಂಗುವುದಿಲ್ಲ, ನಿಜ. ಆದರೆ ನಾನು ಭೂಮಿಯೊಳಗೆ ಹುಡುಕುತ್ತಿದ್ದ ನೀರು ಹೊಲದ ಮೇಲೇ ಹರಿದು, ಮಣ್ಣನ್ನೂ ಕರೆದುಕೊಂಡು ಹಳ್ಳಕ್ಕೆ ಹೋಗುತ್ತಿತ್ತು.

ಒಣಭೂಮಿಯವರು ವರ್ಷದ ಯೋಜನೆಯನ್ನು ಕ್ಯಾಲೆಂಡರ್ ತಿಂಗಳಿಗೆ ಕಟ್ಟಬೇಡಿ, ಮಳೆಗೆ ಕಟ್ಟಿ. ನಮ್ಮ ಪುಸ್ತಕದಲ್ಲಿ ಮಳೆ ಬಂದರೆ ಒಂದು, ಬಾರದಿದ್ದರೆ ಒಂದು ಎಂದು ಎರಡು ಕಾಲಂ ಇವೆ. ಪುನರ್ವಸು ಒಳಗೆ ಹದವಾದರೆ ಶೇಂಗಾ. ಆಗದಿದ್ದರೆ ಆ ಜಾಗಕ್ಕೆ ನವಣೆ. ಮಘೆಯೂ ಕೈಕೊಟ್ಟರೆ ಹುರುಳಿ. ಮೊದಲೇ ಬರೆದಿಟ್ಟರೆ ತಡವಾದ ಮಳೆಗೆ ಹುಚ್ಚು ಧೈರ್ಯ ಮಾಡಿ ದುಬಾರಿ ಬೀಜ ಮಣ್ಣಿಗೆ ಹಾಕುವುದು ತಪ್ಪುತ್ತದೆ. ದಿನದ ಮಟ್ಟಿಗೆ ಇನ್ನೂ ಸರಳ. ರಾತ್ರಿ ಊಟವಾದ ಮೇಲೆ ನಾಳೆಯ ಕೆಲಸ ಮೂರೇ ಮೂರು ಬರೆಯುವುದು. ನಾಲ್ಕನೆಯದು ಬರೆದರೆ ಮೂರೂ ಕೆಡುತ್ತವೆ, ಮಾಡಿ ನೋಡಿದ್ದೇನೆ. ಸುಗ್ಗಿಯಲ್ಲಿ ಬರೆಯುವುದು ತಪ್ಪುತ್ತದೆ. ತಪ್ಪಲಿ. ಕಣ ಮುಗಿದ ಮೇಲೆ ಮತ್ತೆ ಶುರು ಮಾಡಿದರಾಯಿತು.

ಇಷ್ಟಾದರೂ 2018ರಲ್ಲಿ ಪುಸ್ತಕ ನನಗೇ ತಿರುಗಿ ನಿಂತಿತು. ಐಟಿಐ ಮುಗಿಸಿದ ಮಗ, ಬೋರು ಕೊರೆಸಿ ದಾಳಿಂಬೆ ಇಡೋಣ ಅಂದ. ಪಕ್ಕದವರಿಗೆ 700 ಅಡಿಯಲ್ಲಿ ನೀರು ಸಿಕ್ಕಿತ್ತು. ನಾನು ಎರಡನೇ ಸಾಲು ತೋರಿಸಿದೆ. ಅವನು ಓದಿ, 'ಅಪ್ಪ, ಇದ್ರಾಗೆ ನಿಂದೈತೆ, ಅವ್ವಂದೈತೆ. ನಂದೆಲ್ಲೈತೆ?' ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪಟ್ಟಿ ಮಾಡಿದಾಗ ಅವನಿಗೆ ಏಳು ವರ್ಷ. ಅವನ ಹಾಳೆಯ ಮೇಲೇ ಬರೆದಿದ್ದೆ, ಅವನನ್ನು ಕೇಳಿರಲಿಲ್ಲ.

ಆಮೇಲೆ ಅವನಿಗೂ ಒಂದು ಪುಟ ಬಿಟ್ಟೆವು. ಅವನು ಬರೆದದ್ದು, 'ತಿಂಗಳಾ ತಿಂಗಳಾ ಕೈಗೆ ದುಡ್ಡು.' ಬೋರಿಗೆ ನಾನು ಒಪ್ಪಲಿಲ್ಲ. ಉಳಿಸಿದ್ದ ದುಡ್ಡಿನಲ್ಲಿ ಎಂಟು ಕುರಿ ತಂದು ಅವನ ಹೆಸರಿಗೇ ಬಿಟ್ಟೆ. ಆದರೂ 2019ರಲ್ಲಿ ಬೆಂಗಳೂರಿಗೆ ಹೋದ. 2020ರ ಲಾಕ್‌ಡೌನಿನಲ್ಲಿ ಬಂದು ಒಂದು ವರ್ಷ ಇದ್ದ. ಕಣಜದಲ್ಲಿ ರಾಗಿ ಇತ್ತು, ಯಾರ ಮನೆ ಬಾಗಿಲಿಗೂ ಹೋಗಲಿಲ್ಲ. ಮತ್ತೆ ಹೋದ. ಈಗ ಬಿತ್ತನೆಗೆ ಬರುತ್ತಾನೆ. ಪಕ್ಕದವರ ದಾಳಿಂಬೆ ಇಂದಿಗೂ ಚೆನ್ನಾಗಿದೆ, ಅದನ್ನೂ ಹೇಳಬೇಕು. ಅವತ್ತು ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ಬದುವಿನ ಮೇಲೆ ನಿಂತಾಗ ಈಗಲೂ ಯೋಚನೆ ಬರುತ್ತದೆ. ಆದ್ದರಿಂದ ನೀವು ಬರೆಯಲು ಕೂರುವ ದಿನ ಮಕ್ಕಳನ್ನೂ ಕೂರಿಸಿಕೊಳ್ಳಿ. ಹತ್ತು ವರ್ಷದವರಾದರೂ ಸರಿ.

ಅಪ್ಪ ಅವ್ವ ತೀರಿಕೊಂಡರು. ರಾಗಿಯ ಅಂಕಿಯನ್ನು ಮೂರು ಕ್ವಿಂಟಾಲಿಗೆ ಇಳಿಸಿದ್ದೇವೆ. ರಾತ್ರಿ ಊಟಕ್ಕೆ ಕೂರುವುದು ನಾವಿಬ್ಬರೇ. ನಾಲ್ಕನೇ ಸಾಲನ್ನು ಹೇಗೆ ತಿದ್ದೋಣ ಎಂದು ಯುಗಾದಿಯ ದಿನ ಹೆಂಡತಿಯನ್ನು ಕೇಳಿದೆ. 'ಬಿತ್ತನೆಗೆ ಅವನು ಬರಲಿ, ಕೇಳಿ ಬರೆಯೋಣ' ಅಂದಳು. ಹಾಗೇ ಬಿಟ್ಟಿದ್ದೇನೆ.