ಅಪ್ಪನಿಗೊಂದು ಕಿರುಸಂದೇಶ



ಕೆಲವು ತಿಂಗಳ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಅಂಕಪಟ್ಟಿಯ ನಕಲು ಪಡೆಯಲು ಕಾಲೇಜಿಗೆ ಬಂದಿದ್ದ. ಮದುವೆಯಾಗಿ ಎರಡು ವರ್ಷ, ಮಗು ಹುಟ್ಟಿ ಎರಡು ತಿಂಗಳು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಅಭಿನಂದಿಸಿದೆವು. ಮಗು ಹೇಗಿದೆ, ತೂಕ ಎಷ್ಟು, ತಾಯಿಯ ಆರೋಗ್ಯ ಹೇಗಿದೆ ಎಂದು ವಿಚಾರಿಸಿದೆವು. ಹೊರಡುವಾಗ ನಾನು ಸುಮ್ಮನೆ, "ನೀನು ಹೇಗಿದ್ದೀಯಪ್ಪಾ?" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ಈ ಎರಡು ತಿಂಗಳಲ್ಲಿ ಇದನ್ನು ಕೇಳಿದವರು ನೀವೇ ಮೊದಲು" ಎಂದ. ನಿದ್ದೆ ಇಲ್ಲ, ಆಸ್ಪತ್ರೆಯ ಸಾಲ ಇದೆ, ಹೆಂಡತಿ ತವರಿನಲ್ಲಿ ಬಾಣಂತನದಲ್ಲಿದ್ದಾಳೆ, ವಾರಕ್ಕೊಮ್ಮೆ ಹೋದರೆ ಮಗು ಅಳುತ್ತದೆ, ಎತ್ತಿಕೊಳ್ಳಲು ಭಯವಾಗುತ್ತದೆ. ಇಷ್ಟನ್ನು ಅವನು ಬಾಗಿಲಲ್ಲಿ ನಿಂತೇ ಹೇಳಿದ.

ಅಂದಿನಿಂದ ಈ ವಿಷಯ ನನ್ನ ತಲೆಯಲ್ಲಿದೆ. ಮೊದಲ ಬಾರಿ ತಂದೆಯಾಗುವವನಿಗೆ ಯಾರು, ಏನು, ಹೇಗೆ ಹೇಳಿಕೊಡಬೇಕು? ಆಸ್ಟ್ರೇಲಿಯಾದಲ್ಲಿ ಈ ಪ್ರಶ್ನೆಗೆ ಒಂದು ಸರಳ ಉತ್ತರ ಕಂಡುಕೊಂಡಿದ್ದಾರೆ. ಅದನ್ನು ಈ ಬಾರಿಯ ಪಾಠವಾಗಿ ನಿಮ್ಮ ಮುಂದಿಡುತ್ತೇನೆ.

ತಂದೆಗೂ ಕಷ್ಟವಿದೆಯೇ?

ಹೆರಿಗೆಯ ನೋವು, ಅಪಾಯ, ಹಾಲೂಡಿಸುವ ಶ್ರಮ ಎಲ್ಲವೂ ತಾಯಿಯದೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ದಿನಗಳಲ್ಲಿ ತಂದೆಯ ಮನಸ್ಸೂ ಕುಸಿಯಬಹುದು. ಅಮೆರಿಕದ ಸಂಶೋಧಕರಾದ ಪೌಲ್ಸನ್ ಮತ್ತು ಬೇಜ್‌ಮೋರ್ 2010ರಲ್ಲಿ 43 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಅವುಗಳಲ್ಲಿ ಸುಮಾರು 28,000 ಜನರ ಮಾಹಿತಿ ಇತ್ತು. ಹೆಂಡತಿಯ ಗರ್ಭಾವಸ್ಥೆ ಮತ್ತು ಮಗುವಿನ ಮೊದಲ ವರ್ಷದ ಅವಧಿಯಲ್ಲಿ ಸರಿಸುಮಾರು ಹತ್ತರಲ್ಲಿ ಒಬ್ಬ ತಂದೆ ಖಿನ್ನತೆಗೆ ಒಳಗಾಗುತ್ತಾನೆ ಎಂದು ಅವರು ಕಂಡರು. ಮಗುವಿಗೆ ಮೂರರಿಂದ ಆರು ತಿಂಗಳಾಗಿರುವಾಗ ಇದು ಹೆಚ್ಚು.

ಇದು ತಂದೆಯೊಬ್ಬನ ಸಂಕಟವಾಗಿ ಉಳಿಯುವುದಿಲ್ಲ. ಇಂಗ್ಲೆಂಡಿನ ರಾಮ್‌ಚಂದಾನಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಗು ಹುಟ್ಟಿದ ಹೊಸತರಲ್ಲಿ ಖಿನ್ನತೆ ಅನುಭವಿಸಿದ ತಂದೆಯರ ಮಕ್ಕಳಲ್ಲಿ ಮೂರೂವರೆ ವರ್ಷದ ಹೊತ್ತಿಗೆ ನಡವಳಿಕೆಯ ತೊಂದರೆಗಳು ಹೆಚ್ಚಾಗಿ ಕಂಡವು. ಗಂಡುಮಕ್ಕಳಲ್ಲಿ ಇದು ಇನ್ನೂ ಸ್ಪಷ್ಟವಾಗಿತ್ತು. ಅಂದರೆ ತಂದೆಯನ್ನು ವಿಚಾರಿಸಿಕೊಳ್ಳುವುದು ಮಗುವನ್ನು ವಿಚಾರಿಸಿಕೊಳ್ಳುವುದೇ ಆಗಿದೆ.

ಗಂಡಸರ ಖಿನ್ನತೆ ಹಲವು ಸಲ ಅಳುವಾಗಿ ಕಾಣುವುದಿಲ್ಲ. ಸಣ್ಣದಕ್ಕೂ ರೇಗುವುದು, ಮನೆಗೆ ತಡವಾಗಿ ಬರುವುದು, ಯಾವಾಗಲೂ ಕೆಲಸದಲ್ಲಿ ಮುಳುಗಿರುವುದು, ಮಾತು ಬಿಡುವುದು, ಹೀಗೆಲ್ಲ ಕಾಣುತ್ತದೆ. ಆದ್ದರಿಂದ ಮನೆಯವರು "ಇವನಿಗೆ ಜವಾಬ್ದಾರಿ ಇಲ್ಲ" ಎಂದುಕೊಳ್ಳುತ್ತಾರೆ.

ನ್ಯೂಕ್ಯಾಸಲ್‌ನ ಉಪಾಯ

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ನ್ಯೂಕ್ಯಾಸಲ್ ವಿಶ್ವವಿದ್ಯಾಲಯವಿದೆ. ಅಲ್ಲಿ ರಿಚರ್ಡ್ ಫ್ಲೆಚರ್ ಎಂಬ ಪ್ರಾಧ್ಯಾಪಕರು ಬಹಳ ವರ್ಷಗಳಿಂದ ತಂದೆಯರ ಬಗ್ಗೆ ಸಂಶೋಧನೆ ಮಾಡುತ್ತಿದ್ದಾರೆ. ಗರ್ಭಿಣಿಯರ ತಪಾಸಣೆ ನಡೆಯುವುದು ಹಗಲು ಹೊತ್ತಿನಲ್ಲಿ. ಆಗ ಗಂಡಂದಿರು ಕೆಲಸದಲ್ಲಿರುತ್ತಾರೆ. ಬಂದರೂ ಮೂಲೆಯಲ್ಲಿ ಕೂತಿರುತ್ತಾರೆ, ಮಾತೆಲ್ಲ ತಾಯಿಯ ಜೊತೆಗೇ. ಆದರೆ ಎಲ್ಲರ ಜೇಬಿನಲ್ಲೂ ಒಂದು ಫೋನ್ ಇದೆ. ಈ ಯೋಚನೆಯಿಂದ ಹುಟ್ಟಿದ ಯೋಜನೆಯ ಹೆಸರು "ಎಸ್‌ಎಂಎಸ್ ಫೋರ್ ಡ್ಯಾಡ್ಸ್", ಅಂದರೆ ಅಪ್ಪಂದಿರಿಗಾಗಿ ಎಸ್‌ಎಂಎಸ್.

ಇದು ಕೆಲಸ ಮಾಡುವ ರೀತಿ ಹೀಗೆ. ತಂದೆಯಾಗಲಿರುವವನು ತನ್ನ ಫೋನ್ ಸಂಖ್ಯೆಯನ್ನೂ ಹೆರಿಗೆಯ ನಿರೀಕ್ಷಿತ ದಿನಾಂಕವನ್ನೂ ಕೊಟ್ಟು ಉಚಿತವಾಗಿ ನೋಂದಾಯಿಸಿಕೊಳ್ಳುತ್ತಾನೆ. ಆ ದಿನಾಂಕವನ್ನು ಲೆಕ್ಕ ಹಿಡಿದು, ಗರ್ಭಕ್ಕೆ ಎಷ್ಟು ವಾರವಾಗಿದೆಯೋ ಅದಕ್ಕೆ ಹೊಂದುವ ಸಂದೇಶಗಳು ವಾರಕ್ಕೆ ಎರಡು ಮೂರರಂತೆ ಬರುತ್ತವೆ. ಮಗು ಹುಟ್ಟಿದ ಮೇಲೆ ಅದರ ವಯಸ್ಸಿಗೆ ತಕ್ಕಂತೆ ಮುಂದುವರಿಯುತ್ತವೆ.

ಸಂದೇಶಗಳಲ್ಲಿ ಮೂರು ಬಗೆ. ಮೊದಲನೆಯದು ತಂದೆ ಮತ್ತು ಮಗುವಿನ ಸಂಬಂಧದ ಬಗ್ಗೆ, ಎರಡನೆಯದು ಮಗುವಿನ ತಾಯಿಗೆ ಆಸರೆಯಾಗುವ ಬಗ್ಗೆ, ಮೂರನೆಯದು ತಂದೆ ತನ್ನನ್ನು ತಾನು ನೋಡಿಕೊಳ್ಳುವ ಬಗ್ಗೆ. ಕೆಲವನ್ನು ಮಗುವೇ ಅಪ್ಪನಿಗೆ ಹೇಳುತ್ತಿರುವಂತೆ ಬರೆದಿದ್ದಾರೆ.

ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಆಗಾಗ ಒಂದು ಸಂದೇಶ "ನೀವು ಹೇಗಿದ್ದೀರಿ?" ಎಂದು ಕೇಳುತ್ತದೆ. ಚೆನ್ನಾಗಿದ್ದೇನೆ ಎಂಬುದರಿಂದ ಹಿಡಿದು ತುಂಬಾ ಕಷ್ಟದಲ್ಲಿದ್ದೇನೆ ಎಂಬುದರವರೆಗೆ ಉತ್ತರ ಆರಿಸಬಹುದು. ಕಷ್ಟ ಎಂದು ಆರಿಸಿದವರಿಗೆ, ತಾಯ್ತಂದೆಯರ ಮಾನಸಿಕ ಆರೋಗ್ಯಕ್ಕಾಗಿಯೇ ಇರುವ "ಪಾಂಡಾ" ಎಂಬ ರಾಷ್ಟ್ರೀಯ ಸಹಾಯವಾಣಿಯಿಂದ ಮಾತನಾಡುವ ಮನುಷ್ಯರ ಕರೆ ಸಿಗುತ್ತದೆ. ಸಂದೇಶ ಕಳಿಸುವುದು ಯಂತ್ರ, ಆದರೆ ಅದರ ಹಿಂದೆ ಮನುಷ್ಯರಿದ್ದಾರೆ.

ಆರಂಭದ ಒಂದು ಪ್ರಯೋಗದಲ್ಲಿ 500ಕ್ಕೂ ಹೆಚ್ಚು ತಂದೆಯರು ಸೇರಿದ್ದರು. ಬೇಡವೆನಿಸಿದಾಗ ನಿಲ್ಲಿಸುವ ಅವಕಾಶವಿದ್ದರೂ ಹೆಚ್ಚಿನವರು ನಿಲ್ಲಿಸಲಿಲ್ಲ. ಮುಂದೆ ಅಲ್ಲಿನ ಮೂಲನಿವಾಸಿ ತಂದೆಯರಿಗಾಗಿ, ಅವರದೇ ಮಾತಿನ ಧಾಟಿಯಲ್ಲಿ, ಬೇರೆಯೇ ಸಂದೇಶಗಳನ್ನು ತಯಾರಿಸಿದರು. ಒಂದೇ ಸಂದೇಶ ಎಲ್ಲರಿಗೂ ನಾಟುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಿ.

ಚಿಕ್ಕ ಮಾತು ಏಕೆ?

ನೂರು ಪುಟದ ಪುಸ್ತಕ ಕೊಟ್ಟರೆ ಹೊಸ ತಂದೆ ಅದನ್ನು ಕಪಾಟಿನಲ್ಲಿಡುತ್ತಾನೆ. ಹೆರಿಗೆಗೆ ಮೊದಲು ಎಲ್ಲವನ್ನೂ ಒಟ್ಟಿಗೆ ಹೇಳಿದರೆ ಬೇಕಾದ ದಿನ ನೆನಪಾಗುವುದಿಲ್ಲ. ಅಗತ್ಯವಾದ ದಿನ ಬರುವ ಒಂದು ಸಾಲು ಕೆಲಸ ಮಾಡುತ್ತದೆ. ಒಂದು ಉದಾಹರಣೆ ನೋಡೋಣ. ಶಿಶುವಿನ ಅಳು ಹುಟ್ಟಿದ ಎರಡನೇ ವಾರದಿಂದ ಹೆಚ್ಚುತ್ತಾ ಹೋಗಿ, ಸುಮಾರು ಆರನೇ ವಾರದಲ್ಲಿ ತುದಿ ಮುಟ್ಟಿ, ಮೂರು ನಾಲ್ಕು ತಿಂಗಳ ಹೊತ್ತಿಗೆ ಇಳಿಯುತ್ತದೆ. ಇದು ತಿಳಿಯದ ತಂದೆ "ನನ್ನಿಂದಲೇ ಏನೋ ತಪ್ಪಾಗಿದೆ" ಎಂದುಕೊಳ್ಳುತ್ತಾನೆ. ತಾಳ್ಮೆ ತಪ್ಪಿ ಮಗುವನ್ನು ಜೋರಾಗಿ ಅಲುಗಾಡಿಸಿದರೆ ಅದರ ಮಿದುಳಿಗೆ ಪ್ರಾಣಾಪಾಯದ ಪೆಟ್ಟಾಗಬಹುದು. ಐದನೇ ವಾರದಲ್ಲಿ ಅವನ ಫೋನಿಗೆ "ಈ ಅಳು ಸಹಜ, ಕಡಿಮೆಯಾಗುತ್ತದೆ. ಸಿಟ್ಟು ಬಂದರೆ ಮಗುವನ್ನು ಅಂಗಾತ ಮಲಗಿಸಿ, ಎರಡು ನಿಮಿಷ ಹೊರಗೆ ನಿಂತು ಬನ್ನಿ" ಎಂಬ ಮಾತು ಬಂದರೆ ಒಂದು ಜೀವ ಉಳಿಯಬಹುದು.

ಈಗ ಸ್ವಲ್ಪ ಲೆಕ್ಕ

ವಿಜ್ಞಾನ ವಿಭಾಗದವರಿಗಾಗಿ ಇದು. ಮೊದಲ ಎಸ್‌ಎಂಎಸ್ ಹೋದದ್ದು 1992ರ ಡಿಸೆಂಬರ್ 3ರಂದು, ಬ್ರಿಟನ್ನಿನಲ್ಲಿ. ಒಂದು ಎಸ್‌ಎಂಎಸ್‌ನಲ್ಲಿ ಹಿಡಿಸುವುದು 140 ಬೈಟ್, ಅಂದರೆ 1120 ಬಿಟ್. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು. 1120ನ್ನು 7ರಿಂದ ಭಾಗಿಸಿದರೆ 160. ಕನ್ನಡವನ್ನು ಯೂನಿಕೋಡ್‌ನಲ್ಲಿ ಕಳಿಸುವಾಗ ಪ್ರತಿ ಸಂಕೇತಕ್ಕೆ 16 ಬಿಟ್ ಬೇಕು. ಆಗ ಸಿಗುವುದು 70 ಮಾತ್ರ. ಅದರಲ್ಲೂ "ಅಮ್ಮ" ನಮ್ಮ ಕಣ್ಣಿಗೆ ಎರಡು ಅಕ್ಷರ, ಯಂತ್ರಕ್ಕೆ ನಾಲ್ಕು ಸಂಕೇತ: ಅ, ಮ, ಒತ್ತಕ್ಷರ ಮೂಡಿಸುವ ವಿರಾಮ ಚಿಹ್ನೆ, ಮತ್ತೆ ಮ. ಇದಕ್ಕಿಂತ ಉದ್ದವಾದರೆ ಸಂದೇಶ ತುಂಡಾಗಿ ಹೋಗಿ ಫೋನಿನಲ್ಲಿ ಜೋಡಣೆಯಾಗುತ್ತದೆ.

ಈ 70ರೊಳಗೆ ಏನು ಹೇಳಬಹುದು? ನಾನು ಮೂರನ್ನು ಬರೆದು ನೋಡಿದೆ.

ಆರು ತಿಂಗಳ ಗರ್ಭಕ್ಕೆ: "ಅಪ್ಪಾ, ನಿನ್ನ ದನಿ ನನಗೀಗ ಕೇಳುತ್ತದೆ. ಇವತ್ತು ಏನಾದರೂ ಮಾತಾಡು." (55 ಸಂಕೇತ)

ಹುಟ್ಟಿ ಎರಡು ವಾರಕ್ಕೆ: "ಇಂದು ರಾತ್ರಿ ಒಮ್ಮೆ ನೀವೇ ಎದ್ದು ಬಟ್ಟೆ ಬದಲಿಸಿ. ತಾಯಿ ಮಲಗಲಿ." (54 ಸಂಕೇತ)

ಮೂರು ತಿಂಗಳಿಗೆ: "ನೀವು ಹೇಗಿದ್ದೀರಿ? ಚೆನ್ನಾಗಿದ್ದರೆ 1, ಕಷ್ಟವಾಗಿದ್ದರೆ 2 ಒತ್ತಿ." (56 ಸಂಕೇತ)

ನಮ್ಮಲ್ಲಿ ಏನಿದೆ?

ಭಾರತದಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ "ಕಿಲ್ಕಾರಿ" ಎಂಬ ಸೇವೆ ಆರಂಭಿಸಿತು. ಇದು ಓದುವ ಸಂದೇಶವಲ್ಲ, ಕೇಳುವ ಸಂದೇಶ. ಗರ್ಭದ ನಾಲ್ಕನೇ ತಿಂಗಳಿನಿಂದ ಮಗುವಿಗೆ ಒಂದು ವರ್ಷ ತುಂಬುವವರೆಗೆ ವಾರಕ್ಕೊಂದರಂತೆ ಒಟ್ಟು 72 ಧ್ವನಿ ಸಂದೇಶಗಳು. ಓದು ಬಾರದವರಿಗೂ ತಲುಪುತ್ತದೆ ಎಂಬುದು ಇದರ ದೊಡ್ಡ ಗುಣ. ಇದರ ಮಾತು ಮುಖ್ಯವಾಗಿ ತಾಯಿಗೆ. ಆದರೆ ಎಷ್ಟೋ ಮನೆಗಳಲ್ಲಿ ಫೋನ್ ಇರುವುದು ಗಂಡನ ಕೈಯಲ್ಲಿ. ಕರೆ ಬಂದಾಗ ಅವನು ಕತ್ತರಿಸುತ್ತಾನೋ, ಹೆಂಡತಿಯ ಜೊತೆ ಕೂತು ಕೇಳುತ್ತಾನೋ ಎಂಬುದು ಅವನಿಗೆ ಬಿಟ್ಟದ್ದು.

ನಮ್ಮ ತಾಯಿ ಕಾರ್ಡ್, ಆಶಾ ಕಾರ್ಯಕರ್ತೆ, ಅಂಗನವಾಡಿ, ಇವೆಲ್ಲ ತಾಯಿ ಮತ್ತು ಮಗುವಿಗೆ ಇರುವ ಒಳ್ಳೆಯ ಏರ್ಪಾಡುಗಳು. ತಂದೆಗೆ ಸಿಗುವುದು ಕಡಿಮೆ. ಕೇಂದ್ರ ಸರ್ಕಾರಿ ನೌಕರರಿಗೆ 15 ದಿನಗಳ ಪಿತೃತ್ವ ರಜೆ ಇದೆ. ದಿನಗೂಲಿಯವರಿಗೆ, ಅಂಗಡಿಯವರಿಗೆ, ಆಟೋ ಓಡಿಸುವವರಿಗೆ ಅದೂ ಇಲ್ಲ.

ನಮ್ಮ ನಿಮ್ಮ ಮನೆಗಳಲ್ಲಿ ಗಲ್ಫ್‌ನಲ್ಲಿ ದುಡಿಯುವವರೂ ಇದ್ದಾರೆ. ಅಣ್ಣನೋ ಭಾವನೋ ದಮ್ಮಾಮ್‌ನಲ್ಲೋ ದುಬೈಯಲ್ಲೋ ಇದ್ದು, ಮಗುವಿನ ಮುಖವನ್ನು ಮೊದಲು ಫೋನಿನಲ್ಲೇ ನೋಡುತ್ತಾರೆ. ಹುಟ್ಟಿದ ಮಗುವಿನ ಕಿವಿಯಲ್ಲಿ ಅಝಾನ್ ಹೇಳುವುದು ನಮ್ಮಲ್ಲಿ ಹೆಚ್ಚಾಗಿ ತಂದೆಯ ಭಾಗ್ಯ. ಅವರು ಊರಲ್ಲಿಲ್ಲದಾಗ ಅಜ್ಜನೋ ಮಾವನೋ ಹೇಳುತ್ತಾರೆ. ಏಳನೇ ದಿನ ಅಕೀಕಾ, ಹೆಸರಿಡುವುದು, ನೆಂಟರು, ಊಟ ಎಲ್ಲ ಮುಗಿದ ಮೇಲೆ ಆ ತಂದೆಗೆ ಉಳಿಯುವುದೇನು? ತಿಂಗಳ ಹಣ ಕಳಿಸುವುದು ಮಾತ್ರವೇ? ಹಾಗಾಗಬೇಕಿಲ್ಲ. ದೂರದಲ್ಲಿರುವ ತಂದೆಯೂ ದಿನಾ ಒಂದೇ ಹೊತ್ತಿಗೆ ಕರೆ ಮಾಡಿ ಮಗುವಿಗೆ ತನ್ನ ದನಿ ಕೇಳಿಸಬಹುದು. ಮಗುವಿನ ತಾಯಿಯ ಬಳಿ "ಊಟ ಆಯಿತಾ?" ಎಂಬುದರ ಜೊತೆಗೆ "ನಿದ್ದೆ ಆಯಿತಾ? ಮನಸ್ಸು ಹೇಗಿದೆ?" ಎಂದೂ ಕೇಳಬಹುದು. ಲಸಿಕೆಯ ದಿನಾಂಕವನ್ನು ಅವನೇ ನೆನಪಿಟ್ಟು ಹೇಳಬಹುದು.

ಸಂದೇಶದ ಮಿತಿ

ಸಂದೇಶ ಔಷಧವಲ್ಲ. ಬಾಣಂತಿಗೆ ಹೆಚ್ಚು ರಕ್ತಸ್ರಾವ, ಜ್ವರ, ತೀವ್ರ ತಲೆನೋವು ಇದ್ದರೆ ಫೋನ್ ನೋಡುತ್ತಾ ಕೂರದೆ ಆಸ್ಪತ್ರೆಗೆ ಹೋಗಬೇಕು. ಆಂಬುಲೆನ್ಸ್‌ಗೆ 108. ತಂದೆಯಾಗಲಿ ತಾಯಿಯಾಗಲಿ ಎರಡು ವಾರಕ್ಕೂ ಹೆಚ್ಚು ಕಾಲ ಮಂಕಾಗಿದ್ದರೆ, ಬದುಕು ಬೇಡವೆಂಬ ಮಾತು ಬಂದರೆ, ವೈದ್ಯರನ್ನು ಕಾಣಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ನೀವು ಮಾಡಬಹುದಾದದ್ದು

ನಿಮಗೀಗ ಹದಿನಾರು ಹದಿನೇಳು ವರ್ಷ. ತಂದೆ ತಾಯಿಯಾಗುವ ಮಾತು ದೂರದ್ದು. ಆದರೆ ನಿಮ್ಮ ಅಕ್ಕ ಬಾಣಂತನಕ್ಕೆ ಮನೆಗೆ ಬಂದಿರಬಹುದು. ಭಾವ ವಾರಕ್ಕೊಮ್ಮೆ ಬಂದು ಹೊರಗಿನ ಕೋಣೆಯಲ್ಲಿ ಅತಿಥಿಯಂತೆ ಕೂತು ಹೋಗುತ್ತಿರಬಹುದು. ಮುಂದಿನ ಸಲ ಅವರು ಬಂದಾಗ ಮಗುವನ್ನು ಅವರ ಕೈಗೆ ಕೊಡಿ. ಕತ್ತಿನ ಹಿಂದೆ ಕೈ ಆಸರೆಯಾಗಿಡಬೇಕು ಎಂದು ತೋರಿಸಿ. ಒಂದು ಗೇಣಿಗಿಂತ ತುಸು ದೂರದಲ್ಲಿರುವ ಮುಖ ನವಜಾತ ಶಿಶುವಿಗೆ ಚೆನ್ನಾಗಿ ಕಾಣುತ್ತದೆ ಎಂದು ಹೇಳಿ. ಅವರು ಹೊರಟ ಮೇಲೆ ಒಂದು ಸಂದೇಶ ಕಳಿಸಿ: "ಭಾವ, ನೀವು ಹೇಗಿದ್ದೀರಿ?" ಇದಕ್ಕೆ ಯಾವ ಯೋಜನೆಯೂ, ಯಾವ ಅನುದಾನವೂ ಬೇಡ.

ನಮ್ಮ ಆ ಹಳೆಯ ವಿದ್ಯಾರ್ಥಿಗೆ ನಾನು ಈಗ ವಾರಕ್ಕೊಮ್ಮೆ ಸಂದೇಶ ಕಳಿಸುತ್ತೇನೆ. ಕಳೆದ ವಾರ ಉತ್ತರವಾಗಿ ಒಂದು ಚಿತ್ರ ಬಂತು. ಮಗು ಅವನ ಎದೆಯ ಮೇಲೆ ನಿದ್ದೆ ಮಾಡುತ್ತಿತ್ತು. ಕೆಳಗೆ ಬರೆದಿದ್ದ: "ಸರ್, ಅಲುಗಾಡದೆ ಒಂದು ಗಂಟೆಯಾಯಿತು."

ಅಭ್ಯಾಸ

1. ಹೊಸ ತಂದೆಯೊಬ್ಬನಿಗೆ 70 ಸಂಕೇತಗಳೊಳಗೆ ಕನ್ನಡದಲ್ಲಿ ಒಂದು ಸಂದೇಶ ಬರೆಯಿರಿ. ಒತ್ತಕ್ಷರ, ಕಾಗುಣಿತ, ಖಾಲಿ ಜಾಗ ಎಲ್ಲವನ್ನೂ ಎಣಿಸಿ.

2. ಓದು ಬಾರದ ತಂದೆಗೆ ಅದೇ ವಿಷಯವನ್ನು ತಲುಪಿಸಲು ಬೇರೆ ಯಾವ ದಾರಿಗಳಿವೆ? ಎರಡನ್ನು ಸೂಚಿಸಿ.

3. ನಿಮ್ಮ ತಂದೆಯನ್ನು ಕೇಳಿ: ನೀವು ಹುಟ್ಟಿದ ಮೊದಲ ತಿಂಗಳಲ್ಲಿ ಅವರಿಗೆ ಯಾವುದು ಕಷ್ಟವಾಗಿತ್ತು? ಅವರ ಉತ್ತರವನ್ನು ಅವರ ಮಾತಿನಲ್ಲೇ ಅರ್ಧ ಪುಟ ಬರೆದು ತನ್ನಿ.