ಜೋಳಕ್ಕೆ ಮುನ್ನ ಸೆಣಬು

ಮುಂಗಾರಿನಲ್ಲಿ ಅಫಜಲಪುರ ತಾಲ್ಲೂಕಿನ ಅತನೂರಿನ ಕಡೆಗೆ ಹೋದವರು, ಹಸಿರಾದ ತೊಗರಿಯ ಹೊಲಗಳ ನಡುವೆ ಕೆಲವು ಒಳ್ಳೆಯ ಎರೆಹೊಲಗಳು ಬರಿದಾಗಿ ಬಿದ್ದಿರುವುದನ್ನು ಕಾಣಬಹುದು. ಇದು ರೈತನ ಸೋಮಾರಿತನವಲ್ಲ. ಮಳೆಯ ನೀರನ್ನು ಮಣ್ಣಿನಲ್ಲಿ ಕೂಡಿಟ್ಟು, ಉತ್ತರೆ ಹಸ್ತೆಗಳಲ್ಲಿ ಬಿಳಿಜೋಳವನ್ನು ಬಿತ್ತಬೇಕೆಂದು ಅವನು ಆ ನೆಲವನ್ನು ಕಾಯ್ದಿರಿಸಿರುತ್ತಾನೆ.

ಆದರೆ ಬರಿಯ ನೆಲಕ್ಕೆ ಹನಿಗಳ ಹೊಡೆತವನ್ನು ತಡೆಯುವ ಶಕ್ತಿಯಿಲ್ಲ. ಎರೆಮಣ್ಣಿನ ಜೇಡಿಯು ನೆನೆದು ಉಬ್ಬಿದಾಗ ಬಿರುಕುಗಳು ಮುಚ್ಚುತ್ತವೆ. ಹೆಂಟೆಗಳು ಕರಗಿ ಮೇಲ್ಪದರ ಬಿಗಿಯುತ್ತದೆ. ಆಮೇಲಿನ ಮಳೆಯು ಮಣ್ಣನ್ನೂ ಹೊತ್ತುಕೊಂಡು ಹಳ್ಳಗಳ ಮೂಲಕ ಭೀಮಾ ನದಿಯನ್ನು ಸೇರುತ್ತದೆ.

ಈ ನಷ್ಟವನ್ನು ತಗ್ಗಿಸಲು ನೆಲಕ್ಕೆ ಹೊದಿಕೆಯಾಗಿ ಬೆಳೆಯಬಹುದಾದ ಸಸ್ಯಗಳಲ್ಲಿ ಸೆಣಬು ಮುಖ್ಯವಾದುದು. ಗೋಣಿಚೀಲದ ಸೆಣಬಲ್ಲ, ಪುಂಡಿಯೂ ಅಲ್ಲ. ಹಳದಿ ಹೂ ಬಿಡುವ, ದ್ವಿದಳ ವರ್ಗಕ್ಕೆ ಸೇರಿದ ಅಪ್ಸೆಣಬು. ಇಂಥ ಸಸ್ಯಗಳ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಹಿಡಿಯುತ್ತವೆಂಬುದನ್ನು ಜರ್ಮನಿಯ ಹೆಲ್ರೀಗೆಲ್ ಮತ್ತು ವಿಲ್ಫಾರ್ತ್ ತೋರಿಸಿಕೊಟ್ಟರು. ಗಂಟಿನೊಳಗಿನ ಬ್ಯಾಕ್ಟೀರಿಯವನ್ನು 1888ರಲ್ಲಿ ಬೈಯರಿಂಕ್ ಬೇರ್ಪಡಿಸಿದನು. ತೊಗರಿ, ಅಲಸಂದೆ, ಸೆಣಬುಗಳಿಗೆ ಹೊಂದುವ ಬ್ಯಾಕ್ಟೀರಿಯಗಳು ಒಂದೇ ಗುಂಪಿನವು. ಆದುದರಿಂದ ತೊಗರಿಯ ನಾಡಿನಲ್ಲಿ ಸೆಣಬಿಗೆ ನೆಂಟರು ಮೊದಲೇ ಕಾದಿರುತ್ತಾರೆನ್ನಬಹುದು. ವಾಚಕರು ಒಂದು ಗಿಡವನ್ನು ಮೆಲ್ಲನೆ ಅಗೆದು ಗಂಟನ್ನು ಸೀಳಿ ನೋಡಲಿ. ಒಳಗೆ ಕೆಂಪು ಛಾಯೆಯಿದ್ದರೆ ಗಂಟು ಕೆಲಸ ಮಾಡುತ್ತಿದೆಯೆಂದು ತಿಳಿಯಬೇಕು.

ಬೀಜವನ್ನು ಕಣ್ಣಿನಿಂದ ಮಾತ್ರ ಪರೀಕ್ಷಿಸಿ ಕೊಳ್ಳುವುದು ಸಾಲದು. ಆರಿಸದೆ ಎಣಿಸಿದ 100 ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಒಣಗಗೊಡದೆ ಐದಾರು ದಿನ ನೆರಳಿನಲ್ಲಿಡಬೇಕು. 80 ಮೊಳೆತರೆ ಬೀಜ ಒಳ್ಳೆಯದು. ಎಕರೆಗೆ 20 ಕಿಲೋಗ್ರಾಮ್ ಸಾಕೆನ್ನೋಣ. 60 ಮಾತ್ರ ಮೊಳೆತರೆ? 20ನ್ನು 80ರಿಂದ ಗುಣಿಸಿ 60ರಿಂದ ಭಾಗಿಸಿದರೆ ಸುಮಾರು 27 ಕಿಲೋಗ್ರಾಮ್ ಬೇಕಾಗುತ್ತದೆ. ಅಗ್ಗದ ಬೀಜ ನಿಜಕ್ಕೂ ಅಗ್ಗವೇ ಎಂಬುದನ್ನು ಈ ಲೆಕ್ಕದ ನಂತರವೇ ಹೇಳಬೇಕು.

ಮೃಗಶಿರ, ಆರಿದ್ರೆಗಳಲ್ಲಿ ಹದ ಬಂದೊಡನೆ ಕೂರಿಗೆಯಿಂದ ಎರಡು ಮೂರು ಸೆಂಟಿಮೀಟರ್ ಆಳಕ್ಕೆ, ಸಾಲುಗಳನ್ನು ಒತ್ತೊತ್ತಾಗಿಸಿ ಬಿತ್ತಬಹುದು. ದಟ್ಟವಾಗಿ ಬೆಳೆದ ಸೆಣಬು ಕಳೆಯನ್ನೂ ಅಡಗಿಸುತ್ತದೆ.

ಬಿತ್ತುವುದಕ್ಕಿಂತ ಮುರಿಯುವ ಕಾಲವೇ ಹೆಚ್ಚು ನಾಜೂಕಿನದು. ಸುಮಾರು 45 ದಿನಗಳಲ್ಲಿ, ಹೂ ಕಾಣುವ ಹೊತ್ತಿಗೆ, ಗಿಡ ಎಳೆಯದಾಗಿರುತ್ತದೆ. ಆಗ ಮಣ್ಣಿಗೆ ಸೇರಿಸಿದರೆ ಬೇಗ ಕೊಳೆಯುತ್ತದೆ. "ಇನ್ನಷ್ಟು ಬೆಳೆಯಲಿ" ಎಂದು ಬಿಟ್ಟರೆ ಕಾಂಡ ನಾರಾಗುತ್ತದೆ. ನಾರಿನಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ತಮ್ಮ ಕೊರತೆಯನ್ನು ಮಣ್ಣಿನ ಸಾರಜನಕದಿಂದಲೇ ತುಂಬಿಕೊಳ್ಳುತ್ತವೆ. ಗೊಬ್ಬರ ಹಾಕಿದೆನೆಂದುಕೊಂಡ ರೈತನ ಜೋಳ ಹಳದಿಗೆ ತಿರುಗುವುದು ಆಗಲೇ. ಅಲ್ಲದೆ ನಿಂತ ಬೆಳೆ ಜೋಳದ ಪಾಲಿನ ನೀರನ್ನೂ ಕುಡಿಯುತ್ತದೆ. ಆಗಸ್ಟ್ ಮಧ್ಯದೊಳಗೆ ಮುರಿದರೆ ಕೊಳೆಯಲು ನಾಲ್ಕು ವಾರ ಸಿಗುತ್ತದೆ. ಹುಬ್ಬೆ, ಉತ್ತರೆಗಳು ಸುರಿದರೆ ತೇವವೂ ಮರಳಿ ಕೂಡುತ್ತದೆ.

ತೆಳುವಾದ ಮಡ್ಡಿಭೂಮಿಯಲ್ಲಿ ಈ ಪ್ರಯೋಗ ಬೇಡ. ಅಲ್ಲಿ ಕೂಡಿಡಲು ನೀರಿಗೆ ಸ್ಥಳವೇ ಕಡಿಮೆ. ಮನೆಗೆ ಒಂದು ಕಾಳೂ ತಾರದ ಬೆಳೆಗೆ ಖರ್ಚೇಕೆ ಎನ್ನುವ ರೈತನ ಆಕ್ಷೇಪವನ್ನೂ ತಳ್ಳಿಹಾಕಲಾಗದು. ಅವನಿಗೆ ಹೆಸರು ಹೆಚ್ಚು ಒಪ್ಪಿಗೆಯಾದೀತು: ಸುಮಾರು 65–70 ದಿನಗಳಲ್ಲಿ ಕಾಯಿ ಬಿಡಿಸಿಕೊಂಡು ಉಳಿದುದನ್ನು ಮಣ್ಣಿಗೆ ಸೇರಿಸಬಹುದು. ಹೊದಿಕೆ ಸೆಣಬಿನಷ್ಟು ದಟ್ಟವಲ್ಲ, ಸಿಗುವ ಹಸಿರೂ ಕಡಿಮೆ. ಮಳೆ ತಡವಾಗಿ, ಬಿತ್ತನೆ ಜುಲೈ ಮಧ್ಯವನ್ನು ದಾಟುವಂತಿದ್ದರೆ ಎರಡನ್ನೂ ಬಿಟ್ಟು, ಇಳಿಜಾರಿಗೆ ಅಡ್ಡಲಾಗಿ ಕುಂಟೆ ಹೊಡೆದು ಜೋಳಕ್ಕಾಗಿ ಕಾಯುವುದು ಲೇಸು.