ಒಡೆಯರೂ ಕಾರ್ಮಿಕಸಂಘವೂ: ಚತುರುಪಾಯಗಳ ದೃಷ್ಟಿಯಿಂದ ಒಂದು ವಿವೇಚನೆ

ಕನ್ನಡನಾಡಿಗೆ ವೃತ್ತಿಸಂಘವು ಹೊಸದಲ್ಲ. ಅಯ್ಯಾವೊಳೆಯ ಐನೂರ್ವರೆಂಬ ವರ್ತಕಸಂಘವೂ ತೆಲ್ಲಿಗರ ಐವತ್ತೊಕ್ಕಲೆಂಬ ಗಾಣಿಗರ ಸಂಘವೂ ನಮ್ಮ ಶಾಸನಗಳಲ್ಲಿ ಉಕ್ತವಾಗಿವೆ. ಆದರೆ ಅಲ್ಲಿ ಗಾಣವೂ ಗಾಣಿಗನದೇ, ದುಡಿಮೆಯೂ ಅವನದೇ. ಯಂತ್ರಯುಗದಲ್ಲಿ ಉಪಕರಣವು ಒಬ್ಬನದು, ದುಡಿಮೆ ಮತ್ತೊಬ್ಬನದು ಎಂದಾಯಿತು. ಆಗ ಹುಟ್ಟಿದ ಸಂಘವನ್ನು ಒಡೆಯರು ಹೇಗೆ ಕಂಡರೆಂಬುದನ್ನು ಸಾಮ, ದಾನ, ಭೇದ, ದಂಡಗಳೆಂಬ ಉಪಾಯಗಳಿಂದ ಅಳೆಯಬಹುದು. ನೀತಿಜ್ಞರು ದಂಡವನ್ನು ಕಡೆಯ ಉಪಾಯವೆಂದರು. ಗಿರಣಿಯ ಒಡೆಯರು ಬಹುಮಟ್ಟಿಗೆ ಅದರಿಂದಲೇ ಆರಂಭಿಸಿದರು.

ದಂಡ: ಇಂಗ್ಲೆಂಡಿನಲ್ಲಿ 1799ರ ಶಾಸನವು ಕೂಲಿ ಹೆಚ್ಚಿಸಲು ಕೂಡಿಕೊಳ್ಳುವುದನ್ನೇ ಅಪರಾಧವಾಗಿಸಿತ್ತು, 1824ರಲ್ಲಿ ಅದು ರದ್ದಾಯಿತು. ಮದರಾಸಿನಲ್ಲಿ 1918ರ ಏಪ್ರಿಲಿನಲ್ಲಿ ಬಿ. ಪಿ. ವಾಡಿಯಾ ಅವರ ಅಧ್ಯಕ್ಷತೆಯಲ್ಲಿ ಮದರಾಸು ಕಾರ್ಮಿಕಸಂಘವು ಸ್ಥಾಪಿತವಾಯಿತು. ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳನ್ನು ನಡೆಸುತ್ತಿದ್ದ ಬಿನ್ನಿ ಕಂಪನಿಯು ಬೀಗಮುದ್ರೆ ಹಾಕಿತಲ್ಲದೆ, ಸಂಘದ ಮುಖಂಡರ ಮೇಲೆ ಉಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿ ಪ್ರತಿಬಂಧಕಾಜ್ಞೆಯನ್ನೂ ಪಡೆಯಿತು. ಆದರೆ ಈ ದಂಡವೇ ಸಂಘಕ್ಕೆ ರಕ್ಷಾಕವಚವನ್ನು ತಂದಿತು. ಈ ಪ್ರಕರಣದ ಅನಂತರ ಎನ್. ಎಂ. ಜೋಷಿಯವರು ಕೇಂದ್ರ ಶಾಸನಸಭೆಯಲ್ಲಿ ಪ್ರಶ್ನೆಯನ್ನೆತ್ತಿದರು. 1926ರಲ್ಲಿ ಕಾರ್ಮಿಕಸಂಘಗಳ ಅಧಿನಿಯಮವು ಅಂಗೀಕೃತವಾಗಿ, ನೋಂದಾಯಿತ ಸಂಘಕ್ಕೆ ಇಂಥ ದಾವೆಗಳಿಂದ ರಕ್ಷಣೆ ದೊರಕಿತು.

ಭೇದ: ಅದೇ ಗಿರಣಿಗಳ 1921ರ ಮುಷ್ಕರದಲ್ಲಿ ಸವರ್ಣೀಯ ಕಾರ್ಮಿಕರಿಗೂ ಆದಿದ್ರಾವಿಡರಿಗೂ ಒಡಕುಂಟಾಗಿ, ಪುಳಿಯಾಂತೋಪಿನಲ್ಲಿ ಗಲಭೆಗಳು ನಡೆದವು. ಸಮಾಜದಲ್ಲಿ ಮೊದಲೇ ಇದ್ದ ಬಿರುಕು ಮಾಲೀಕರಿಗೆ ಅನುಕೂಲವಾಯಿತು. ಜಾತಿಭೇದವನ್ನು ಮನೆಯಲ್ಲಿ ಉಳಿಸಿಕೊಂಡು ಗಿರಣಿಯಲ್ಲಿ ಐಕ್ಯವನ್ನು ಬಯಸುವುದು ವ್ಯರ್ಥವೆಂಬುದಕ್ಕೆ ಇದು ನಿದರ್ಶನ.

ದಾನ: ವಸತಿ, ಶಾಲೆ, ಔಷಧಾಲಯಗಳನ್ನು ಕೆಲವು ಒಡೆಯರು ಕಟ್ಟಿಸಿದರು. ಇವು ಉಪಕಾರಗಳೇ ಸರಿ. ಆದರೆ ಕೊಡುವವನ ಮರ್ಜಿಯಿಂದ ಬಂದುದು ಅವನ ಮರ್ಜಿಯಿಂದಲೇ ಹೋಗಬಹುದು. ಹಕ್ಕಿಗೆ ಆ ಭಯವಿಲ್ಲ. ಕಾರ್ಮಿಕನಿಗೆ ಮಾನವೂ ಕೂಲಿಯಷ್ಟೇ ದೊಡ್ಡದು. ಕೋಲಾರದ ಚಿನ್ನದ ಗಣಿಗಳಲ್ಲಿ 1930ರಲ್ಲಿ ಬೆರಳಚ್ಚು ಪಡೆಯುವ ಏರ್ಪಾಡು ಬಂದಾಗ ಸಾವಿರಾರು ಜನರು ಕೆಲಸ ನಿಲ್ಲಿಸಿದ್ದು ಇದಕ್ಕೆ ಸಾಕ್ಷಿ.

ಸಾಮ: 1918ರಲ್ಲಿಯೇ ಅಹಮದಾಬಾದಿನಲ್ಲಿ ಪ್ಲೇಗಿನ ಕಾಲದ ಹೆಚ್ಚುವರಿ ಭತ್ಯವನ್ನು ನಿಲ್ಲಿಸಿದಾಗ ವಿವಾದವೆದ್ದಿತು. ಮಾಲೀಕರು ಶೇಕಡಾ 20 ಎಂದರು, ಕಾರ್ಮಿಕರು 35 ಎಂದರು. ಮಾಲೀಕರ ಮುಖಂಡರು ಅಂಬಾಲಾಲ ಸಾರಾಭಾಯಿ. ಕಾರ್ಮಿಕರ ಪಕ್ಷದಲ್ಲಿ ನಿಂತವರು ಅವರ ಸಹೋದರಿ ಅನಸೂಯಾಬೆನ್. ಗಾಂಧೀಜಿಯವರ ಉಪವಾಸದ ತರುವಾಯ ವಿವಾದವು ಪಂಚಾಯಿತಿಗೆ ಹೋಗಿ, ಆನಂದಶಂಕರ ಧ್ರುವರ ತೀರ್ಪು ಶೇಕಡಾ 35ನ್ನೇ ಎತ್ತಿಹಿಡಿಯಿತು. ಒಂದೇ ವರ್ಷ, ಎರಡು ನಗರ, ಎರಡು ದಾರಿ!

ನಮ್ಮ ಭಾಗಕ್ಕೂ ಈ ವಿಚಾರವು ದೂರದ್ದಲ್ಲ. ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರುಗಳು ಮುಂಬಯಿ ಪ್ರಾಂತದಲ್ಲಿದ್ದವು. ಸವಣೂರು 1948ರವರೆಗೆ ನವಾಬರ ಸಂಸ್ಥಾನವಾಗಿತ್ತು. ಮುಂಬಯಿ ಸರಕಾರವು 1938ರ ಶಾಸನದಿಂದ ಮುಷ್ಕರಕ್ಕೂ ಬೀಗಮುದ್ರೆಗೂ ಮೊದಲು ಸಂಧಾನವನ್ನು ಕಡ್ಡಾಯಗೊಳಿಸಿತು. 1926ರ ಅಧಿನಿಯಮವೋ ಬ್ರಿಟಿಷ್ ಭಾರತಕ್ಕೆ ಮಾತ್ರ ಸಂಬಂಧಿಸಿದ್ದು. ಸಂಸ್ಥಾನಗಳ ಪ್ರಜೆಗೆ ಆ ರಕ್ಷಣೆ ಇರಲಿಲ್ಲ. ಹೀಗೆ ನೆರೆಹೊರೆಯ ಊರುಗಳಲ್ಲಿಯೇ ದುಡಿಯುವವನ ಹಕ್ಕು ಎಲ್ಲೆಗಲ್ಲನ್ನು ದಾಟಿದೊಡನೆ ಬೇರೆಯಾಗುತ್ತಿತ್ತು. ಇನ್ನೊಂದು ಕೊರತೆಯೂ ಇತ್ತು: ಆ ಅಧಿನಿಯಮವು ಸಂಘವನ್ನು ನೋಂದಾಯಿಸಿತೇ ಹೊರತು, ಒಡೆಯನು ಅದನ್ನು ಮನ್ನಿಸಲೇಬೇಕೆಂದು ವಿಧಿಸಲಿಲ್ಲ. ಸಂಸತ್ತು 2020ರಲ್ಲಿ ಅಂಗೀಕರಿಸಿದ ಕೈಗಾರಿಕಾ ಸಂಬಂಧಗಳ ಸಂಹಿತೆಯು, ಶೇಕಡಾ 51ರಷ್ಟು ಕಾರ್ಮಿಕರ ಬೆಂಬಲವುಳ್ಳ ಸಂಘವನ್ನು ಸಂಧಾನಸಂಘವೆಂದು ಮನ್ನಿಸಬೇಕೆಂದಿತು.

ಈ ಸಂಚಿಕೆಯನ್ನು ಓದುವ ಮಹನೀಯರಲ್ಲಿ ಕೂಲಿ ಕೊಡುವವರೂ ಇದ್ದಾರೆ, ಪಡೆಯುವವರೂ ಇದ್ದಾರೆ. ಇಬ್ಬರ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಕುಳಿತು ಕಾಯಕದ ಪಾಠವನ್ನು ಕೇಳುತ್ತಾರೆ. ಕಾಯಕವನ್ನು ಪೂಜ್ಯವೆಂದು ಬೋಧಿಸಿ, ಕಾಯಕ ಮಾಡುವವನ ಮಾತಿಗೆ ಕಿವಿ ಮುಚ್ಚಿದರೆ ಆ ಪಾಠವು ಬಾಯಿಪಾಠವಷ್ಟೆ. ದಂಡದಿಂದ ಕೆಲಸವನ್ನು ಪಡೆಯಬಹುದು, ವಿಶ್ವಾಸವನ್ನು ಪಡೆಯಲಾಗದು. ಇದನ್ನು ಗುರುಗಳು ಬೋಧಿಸಲಿ, ದಾನಿಗಳು ಆಚರಿಸಲಿ.